ಆಕಿಗೆ ಅಷ್ಟು ಸಾಕು

2024ರ ಜೂನ್ ತಿಂಗಳ ಒಂದು ರಾತ್ರಿ ನಮ್ಮ ಊಟದ ಮೇಜಿನ ಮೇಲೆ ಎರಡು ಚೀಟಿಗಳಿದ್ದವು. ಎರಡನ್ನೂ ಬರೆದವಳು ನನ್ನ ಮಗಳು. ಧಾರವಾಡದಲ್ಲಿ ಬಿ.ಸಿ.ಎ. ಎರಡನೆಯ ವರ್ಷ ಓದುತ್ತಿದ್ದ ಅವಳಿಗೆ ಕಂಪ್ಯೂಟರಿನೊಳಗೆ ಬೊಂಬೆಗಳನ್ನು ಕಟ್ಟಿ ಕುಣಿಸುವ ಹುಚ್ಚು. ಬ್ಲೆಂಡರ್ ಎಂಬ, ಕಾಸು ಕೊಡದೆ ಸಿಗುವ ಒಂದು ತಂತ್ರಾಂಶವನ್ನು ತಾನೇ ಕಲಿತುಕೊಂಡಿದ್ದಳು. ಅದನ್ನು ನಡೆಸಲು ಕಾಲೇಜಿನ ಲ್ಯಾಬು ಸಾಲುತ್ತಿರಲಿಲ್ಲ. ಅಣ್ಣ ಬಿಟ್ಟುಹೋದ ಲ್ಯಾಪ್‌ಟಾಪು ಅರ್ಧ ಗಂಟೆಯಲ್ಲಿ ಕಾದ ಹೆಂಚಾಗುತ್ತಿತ್ತು. ಮನೆಯಲ್ಲೇ ಒಂದು ಮೇಜಿನ ಕಂಪ್ಯೂಟರ್ ಬೇಕು ಎಂದು ಕೇಳಿದ್ದಳು. ಅದರ ಲೆಕ್ಕವೇ ಆ ಚೀಟಿಗಳು.

ಮೊದಲನೆಯ ಚೀಟಿಯಲ್ಲಿ ಎಲ್ಲವೂ ಹೊಸದು: ಇಂಟೆಲ್ ಕಂಪನಿಯ ಕೋರ್ ಐ5-12400 ಎಂಬ ಪ್ರೊಸೆಸರ್, ಅದಕ್ಕೊಂದು ಬೋರ್ಡು, 16 ಜಿಬಿ ಮೆಮೊರಿ. ಒಟ್ಟು 27,000 ರೂಪಾಯಿ. ಎರಡನೆಯದರಲ್ಲಿ ಅದೇ ಕಂಪನಿಯ ಜಿಯಾನ್ ಇ5-2680 ವಿ4 ಎಂಬ ಪ್ರೊಸೆಸರ್, ಬೋರ್ಡು, 32 ಜಿಬಿ ಮೆಮೊರಿ, ಪರದೆಗೆ ಚಿತ್ರ ಕಳಿಸಲು ಒಂದು ಸಣ್ಣ ಗ್ರಾಫಿಕ್ಸ್ ಕಾರ್ಡು. ಒಟ್ಟು 14,000. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ‘ಸೆಕೆಂಡ್ ಹ್ಯಾಂಡ್, ಸರ್ವರಿನದು’ ಎಂದು ಬರೆದಿದ್ದಳು.

ನನ್ನ ಯಜಮಾನರು ಕನ್ನಡಕ ಏರಿಸಿ ಎರಡನ್ನೂ ಓದಿದರು. ಎರಡನೆಯ ಚೀಟಿಯನ್ನು ನನ್ನ ಕಡೆ ಸರಿಸಿ, "ಇದನ್ನ ತಗೊಳ್ಳೂಣು. ಆಕಿಗೆ ಅಷ್ಟು ಸಾಕು" ಎಂದು ಕೈ ತೊಳೆಯಲು ಎದ್ದರು.

ಮಗಳ ಮುಖದಲ್ಲಿ ಬೇಸರವೇನೂ ಕಾಣಲಿಲ್ಲ. ನಿಜ ಹೇಳಬೇಕೆಂದರೆ ಅವಳಿಗೂ ಅದೇ ಬೇಕಿದ್ದಂತಿತ್ತು. ಮನಸ್ಸು ಕೆಟ್ಟದ್ದು ನನ್ನದು. ಆ ಮಾತು ಎಲ್ಲೋ ಕೇಳಿದ್ದು, ಎಷ್ಟೋ ಸಲ ಕೇಳಿದ್ದು ಎನ್ನಿಸಿ ಆ ರಾತ್ರಿ ನಿದ್ದೆ ಬರಲಿಲ್ಲ.

ಮರುದಿನ ಬೆಳಿಗ್ಗೆ ಸೋಸುತ್ತಾ ಕೂತಿದ್ದ ಮೆಂತ್ಯೆ ಸೊಪ್ಪನ್ನು ಬದಿಗಿಟ್ಟು, ‘ಈ ಸರ್ವರಿನ ಸಾಮಾನು ಅಂದರೆ ಏನು’ ಎಂದು ಅವಳನ್ನೇ ಕೇಳಿದೆ. ನಾವು ಫೋನಿನಲ್ಲಿ ಹಣ ಕಳಿಸುತ್ತೇವೆ, ರೈಲಿನ ಟಿಕೆಟ್ ತೆಗೆಯುತ್ತೇವೆ. ಅದಕ್ಕೆಲ್ಲ ಹಿಂದೆ ಎಲ್ಲೋ ಒಂದು ಕಟ್ಟಡದಲ್ಲಿ ಸಾವಿರಾರು ಕಂಪ್ಯೂಟರುಗಳು ಹಗಲು ರಾತ್ರಿ ಎಚ್ಚರವಿರುತ್ತವೆಯಂತೆ. ಅವೇ ಸರ್ವರುಗಳು. ಅವಕ್ಕೆ ರಜೆ ಇಲ್ಲ, ನಿದ್ದೆ ಇಲ್ಲ. ಕೆಲವು ವರ್ಷ ದುಡಿಸಿ ಕಂಪನಿಗಳು ಅವನ್ನು ಒಟ್ಟಿಗೆ ಕಳಚಿ ಮಾರಿಬಿಡುತ್ತವೆ. ಅವಳು ಬರೆದಿದ್ದ ಪ್ರೊಸೆಸರು 2016ರಲ್ಲಿ ಬಂದದ್ದು. ಆಗ ಅದರ ಬೆಲೆ ಸುಮಾರು 1,745 ಡಾಲರು, ಅಂದರೆ ಒಂದು ಲಕ್ಷ ರೂಪಾಯಿಗೂ ಮೇಲೆ. ಎಂಟು ವರ್ಷದ ಮೇಲೆ ಅದೇ ವಸ್ತುವನ್ನು ಎರಡು-ಮೂರು ಸಾವಿರಕ್ಕೆ ಕೊಡುವವರಿದ್ದರು.

"ಹಂಗಾರ ಅದು ಸವೆದು ಹೋಗಿರೂದಿಲ್ಲೇನ?" ಎಂದೆ.

"ತಿರಗೂ ಸಾಮಾನ ಅದರಾಗ ಒಂದೂ ಇಲ್ಲವ್ವಾ. ಸವೆಯೂದು ಏನೈತಿ?"

ಹಾಗಾದರೆ ಕಂಪನಿಯವರು ಯಾಕೆ ಬಿಸಾಕುತ್ತಾರೆ? ಅವಳು ವಿದ್ಯುತ್ತಿನ ಲೆಕ್ಕ ಹೇಳಿದಳು. ಸಾವಿರಾರು ಯಂತ್ರಗಳು ದಿನದ 24 ಗಂಟೆ ಓಡುವಲ್ಲಿ, ಅವು ಉಗುಳುವ ಶಾಖವನ್ನು ತಂಪು ಮಾಡಲು ಮತ್ತಷ್ಟು ವಿದ್ಯುತ್ತು ಸುರಿಯುವಲ್ಲಿ, ಅದೇ ಕೆಲಸವನ್ನು ಕಡಿಮೆ ಕರೆಂಟಿನಲ್ಲಿ ಮಾಡುವ ಹೊಸ ಯಂತ್ರ ಬಂತೆಂದರೆ ಹಳೆಯದು ನಷ್ಟದ ಬಾಬತ್ತು. ವಾರಂಟಿ ಮುಗಿದ ಸಾಮಾನನ್ನು ಇಟ್ಟುಕೊಳ್ಳುವುದೂ ಅವರಿಗೆ ಅಪಾಯ. ಗೂಗಲ್, ಮೈಕ್ರೋಸಾಫ್ಟ್‌ನಂಥ ಕಂಪನಿಗಳು ತಮ್ಮ ಸರ್ವರುಗಳ ಆಯುಷ್ಯ ನಾಲ್ಕು ವರ್ಷವೆಂದು ಲೆಕ್ಕ ಹಿಡಿಯುತ್ತಿದ್ದವು. 2022-23ರಲ್ಲಿ ಅದನ್ನೇ ಆರು ವರ್ಷಕ್ಕೆ ಏರಿಸಿದವು. ಇದನ್ನು ಕೇಳಿ ನನಗೆ ನಗು ಬಂತು. ವಸ್ತು ಅದೇ, ಕೆಲಸ ಅದೇ. ಲೆಕ್ಕದ ಪುಸ್ತಕದಲ್ಲಿ ಒಂದು ಗೆರೆ ಎಳೆದ ಕೂಡಲೆ ಎರಡು ವರ್ಷ ಚಿಕ್ಕದಾಗಿಬಿಟ್ಟಿತು! ನಮ್ಮ ಆಫೀಸುಗಳಲ್ಲಿ ಅರವತ್ತು ತುಂಬಿದ ದಿನ ಹಾರ ಹಾಕಿ ಕಳಿಸಿದವರು ಮರುದಿನ ಬೆಳಿಗ್ಗೆ ನಿನ್ನೆಗಿಂತ ಎಷ್ಟು ಮುದುಕರಾಗಿರುತ್ತಾರೆ?

ಆದರೆ ಹಳೆಯದರ ಪರ ಇಷ್ಟು ಹೇಳಿದ ಮೇಲೆ ಹೊಸದರ ಪರವೂ ಹೇಳಬೇಕು. ಮಗಳು ಅದನ್ನೂ ಮುಚ್ಚಿಡಲಿಲ್ಲ. ಆ ಹಳೆಯ ಪ್ರೊಸೆಸರಿನಲ್ಲಿ ಕೆಲಸ ಮಾಡುವ ಕೈಗಳು, ಅವರ ಭಾಷೆಯಲ್ಲಿ ಕೋರ್‌ಗಳು, ಹದಿನಾಲ್ಕು. 2022ರಲ್ಲಿ ಬಂದ ಹೊಸದರಲ್ಲಿ ಆರೇ ಆರು. ಆದರೆ ಹೊಸ ಕೈಗಳು ಚುರುಕು. ಹದಿನಾಲ್ಕೂ ಹಳೆಯ ಕೈಗಳು ಕೂಡಿ ಮಾಡುವ ಕೆಲಸವನ್ನು ಆ ಆರು ಕೈಗಳು ಹೆಚ್ಚುಕಡಿಮೆ ಅಷ್ಟೇ ಹೊತ್ತಿನಲ್ಲಿ ಮುಗಿಸುತ್ತವೆ. ಒಂದೊಂದೇ ಕೈಯ ಕೆಲಸವಾದರೆ ಹೊಸದೇ ಬಹಳ ಮುಂದು. ಮನೆಯ ಲೆಕ್ಕ, ಮಕ್ಕಳ ಪಾಠ, ಬ್ಯಾಂಕಿನ ವ್ಯವಹಾರ, ಒಂದು ಸಿನಿಮಾ ನೋಡುವುದು, ಇಷ್ಟೇ ಬೇಕಾದವರಿಗೆ ಹದಿನಾಲ್ಕು ಕೈಗಳ ಯಂತ್ರ ನಾಲ್ಕು ಜನರ ಮನೆಗೆ ಮದುವೆಯ ಹಂಡೆ ತಂದಂತೆ. ಅಂಥವರಿಗೆ ಹೊಸದೇ ಸರಿ. ಹೊಸದರಲ್ಲಿ ಪರದೆಗೆ ಚಿತ್ರ ಕಳಿಸುವ ಅನುಕೂಲ ಒಳಗೇ ಇರುತ್ತದೆ. ಹಳೆಯದಕ್ಕೆ ಬೇರೆ ಕಾರ್ಡು ಬೇಕು. ಹಳೆಯದು ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ, ವಿಂಡೋಸ್ 10ಕ್ಕೆ ಕಂಪನಿಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದೇ ಹೋಗುವುದಿತ್ತು. ಹಳೆಯದನ್ನು ಕೊಂಡವರು ಲಿನಕ್ಸ್ ಕಲಿಯಬೇಕು.

ಅವಳಿಗೆ ಬೇಕಾದದ್ದು ರೆಂಡರ್ ಮಾಡುವ ಕೆಲಸಕ್ಕೆ. ಬೊಂಬೆ ಒಂದು ಸೆಕೆಂಡು ಕುಣಿಯಬೇಕಾದರೆ 24 ಚಿತ್ರ ಬೇಕು. ಹತ್ತು ಸೆಕೆಂಡಿಗೆ 240. ಒಂದೊಂದು ಚಿತ್ರಕ್ಕೆ ಮೂರು ನಿಮಿಷ ಹಿಡಿದರೂ ಹತ್ತು ಸೆಕೆಂಡಿನ ಕುಣಿತಕ್ಕೆ ಹನ್ನೆರಡು ಗಂಟೆ. ಆ ಹೊತ್ತಿಗೆ ಎಲ್ಲ ಕೈಗಳೂ ಒಟ್ಟಿಗೆ ದುಡಿಯುತ್ತವೆ, ಮೆಮೊರಿಯೂ ಧಾರಾಳವಾಗಿ ಬೇಕು. ದೊಡ್ಡ ಗ್ರಾಫಿಕ್ಸ್ ಕಾರ್ಡು ಇದ್ದರೆ ಈ ಕೆಲಸ ಇನ್ನೂ ಬೇಗ ಆಗುತ್ತದೆ, ಆದರೆ ಅದರದೊಂದರ ಬೆಲೆಯೇ ಇಡೀ ಚೀಟಿಯನ್ನು ನುಂಗುವಂಥದು. ಹೀಗೆ ಎಲ್ಲ ಕೋನದಿಂದ ತೂಗಿದರೆ, ಅರ್ಧ ಬೆಲೆಗೆ ಹೆಚ್ಚುಕಡಿಮೆ ಅದೇ ಕೆಲಸ ಮಾಡಿ ಎರಡರಷ್ಟು ಮೆಮೊರಿಯನ್ನೂ ಕೊಡುವ ಹಳೆಯ ಯಂತ್ರ ಅವಳ ಮಟ್ಟಿಗೆ ದಡ್ಡತನದ ಆಯ್ಕೆಯಾಗಿರಲಿಲ್ಲ. ಅವಳ ಲೆಕ್ಕ ಸರಿಯಾಗಿಯೇ ಇತ್ತು.

ಹಾಗಿದ್ದ ಮೇಲೆ ಯಜಮಾನರ ಮಾತು ನನಗೆ ಚುಚ್ಚಿದ್ದೇಕೆ?

ನಾನು ಮೂರು ಹೆಣ್ಣುಮಕ್ಕಳಲ್ಲಿ ಕೊನೆಯವಳು. ಪಂಚಮಿ ಬಂದರೆ ದೊಡ್ಡಕ್ಕನಿಗೆ ಹೊಸ ಲಂಗ. ದೊಡ್ಡಕ್ಕನ ಲಂಗ ಸಣ್ಣಕ್ಕನಿಗೆ, ಸಣ್ಣಕ್ಕನದು ನನಗೆ. ನನ್ನ ಪಾಲಿಗೆ ಬರುವ ಹೊತ್ತಿಗೆ ಅದರ ಅಂಚನ್ನು ಎರಡು ಸಲ ಮಡಿಚಿ ಹೊಲಿದು, ಎರಡು ಸಲ ಬಿಚ್ಚಿ ಆಗಿರುತ್ತಿತ್ತು. ಬಣ್ಣ ಮಾಸಿದ ಬಟ್ಟೆಯ ಮೇಲೆ ಮಡಿಕೆಯ ಕೆಳಗೆ ಅಡಗಿದ್ದ ಅಚ್ಚ ಬಣ್ಣ ಎರಡು ಗೆರೆಯಾಗಿ ಉಳಿದಿರುತ್ತಿತ್ತು. ಜೋಕಾಲಿ ಆಡುವಾಗ ಎಲ್ಲರ ಕಣ್ಣೂ ಆ ಗೆರೆಗಳ ಮೇಲೆಯೇ ಇದೆ ಎಂದು ನನಗೆ ಅನ್ನಿಸುತ್ತಿತ್ತು. "ಸಣ್ಣಾಕಿ, ಆಕಿಗೆ ಅಷ್ಟು ಸಾಕು" ಎನ್ನುತ್ತಿದ್ದರು ಮನೆಯಲ್ಲಿ. ಯಾರೂ ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಮನೆಯಲ್ಲಿ ಹಣವಿರಲಿಲ್ಲ ಎನ್ನುವುದೂ ಸುಳ್ಳಲ್ಲ.

ಅದೇ ಮನೆಯಲ್ಲಿ ನನ್ನ ಅವ್ವ ಕೌದಿ ಹೊಲಿಯುತ್ತಿದ್ದಳು. ಹಳೆಯ ಸೀರೆ, ಹರಿದ ಧೋತರ, ನಮ್ಮ ಅಂಗಿ-ಲಂಗಗಳ ತುಂಡು, ಎಲ್ಲ ಸೇರಿ ಒಂದು ಕೌದಿ. ಅದರಲ್ಲಿ ಹೊಸ ಬಟ್ಟೆ ಎಂಬುದು ಒಂದು ಗೇಣೂ ಇರುತ್ತಿರಲಿಲ್ಲ. ಆದರೂ ಆ ಕೌದಿಯನ್ನು ಹೊದ್ದಾಗ ನನಗೆ ಎಂದೂ ನಾಚಿಕೆಯಾಗಲಿಲ್ಲ. ನನ್ನ ಮದುವೆಯಲ್ಲಿ ಅವ್ವ ಕೊಟ್ಟ ಕೌದಿ ಇಂದಿಗೂ ನನ್ನ ಮಂಚದ ಮೇಲಿದೆ. ಎರಡೂ ಹಳೆಯ ಬಟ್ಟೆಯೇ. ಒಂದು ನನ್ನನ್ನು ಕುಗ್ಗಿಸಿತು, ಇನ್ನೊಂದು ಬೆಚ್ಚಗಿಟ್ಟಿತು.

ಈ ವ್ಯತ್ಯಾಸವನ್ನು ನಾನು ನಲವತ್ತು ವರ್ಷ ಯೋಚಿಸಿರಲಿಲ್ಲ. ಮಗಳ ಚೀಟಿ ಯೋಚಿಸಲು ಹಚ್ಚಿತು. ಕೌದಿಗೆ ಯಾವ ತುಂಡು ಗಟ್ಟಿ, ಯಾವುದು ಜಿಗಟು ಎಂದು ಅವ್ವ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಬೇಡವಾದದ್ದನ್ನು ನೆಲ ಒರೆಸಲು ಇಡುತ್ತಿದ್ದಳು. ಅಂದರೆ ಆರಿಸುವ ಅಧಿಕಾರ ಅವಳದಾಗಿತ್ತು. ಮುಗಿದ ಕೌದಿಯನ್ನು ಅಪ್ಪನೂ ಹೊದೆಯುತ್ತಿದ್ದ, ಮನೆಗೆ ಬಂದ ಬೀಗರೂ ಹೊದೆಯುತ್ತಿದ್ದರು. ಲಂಗ ಹಾಗಲ್ಲ. ಅದು ಮೇಲಿನಿಂದ ಕೆಳಕ್ಕೆ ಮಾತ್ರ ಇಳಿಯುತ್ತಿತ್ತು. ಕೊನೆಯಲ್ಲಿ ನಿಂತವಳನ್ನು ಯಾರೂ ಕೇಳುತ್ತಿರಲಿಲ್ಲ.

ನಮ್ಮ ಮಗ 2019ರಲ್ಲಿ ಇಂಜಿನಿಯರಿಂಗ್ ಸೇರಿದಾಗ 62,000 ರೂಪಾಯಿಯ ಲ್ಯಾಪ್‌ಟಾಪ್ ತಂದೆವು. ಬ್ಯಾಂಕಿನ ಠೇವಣಿ ಮುರಿದು ತಂದದ್ದು. ಆಗ ಊಟದ ಮೇಜಿನ ಮೇಲೆ ಒಂದೇ ಚೀಟಿ ಇತ್ತು. ಹಳೆಯದು ಸಾಕೇನೋ ಎಂಬ ಮಾತು ಅವನ ಬಾಯಲ್ಲೂ ಬರಲಿಲ್ಲ, ನಮ್ಮ ಬಾಯಲ್ಲೂ ಬರಲಿಲ್ಲ. ನಾನೇ ಅದಕ್ಕೆ ಕುಂಕುಮ ಹಚ್ಚಿ, ಎರಡು ಊದಿನಕಡ್ಡಿ ಬೆಳಗಿದ್ದೆ. ಮಗಳು ತಾನಾಗಿಯೇ ಎರಡು ಚೀಟಿ ಬರೆದು ತಂದಿದ್ದಳು. ಎರಡನೆಯದನ್ನು ಬರೆಯಬೇಕು ಎಂದು ಅವಳಿಗೆ ಕಲಿಸಿದವರಾರು?

ವಿಷಯ ತಿಳಿದು ಮಗ ಬೆಂಗಳೂರಿನಿಂದ ಫೋನು ಮಾಡಿದ. "ಹಳೇದು ತಗೊಳ್ಳೂದು ಪರಿಸರಕ್ಕೂ ಛಲೋ ಅವ್ವಾ" ಎಂದ. ಅವನು ಹೇಳಿದ್ದು ಸತ್ಯ. 2022ರಲ್ಲಿ ಜಗತ್ತು ಬಿಸಾಡಿದ ವಿದ್ಯುನ್ಮಾನ ಕಸ 6.2 ಕೋಟಿ ಟನ್ನು ಎಂದು ವಿಶ್ವಸಂಸ್ಥೆಯ ವರದಿ ಹೇಳುತ್ತದೆ. ಅದರಲ್ಲಿ ಸರಿಯಾಗಿ ಸಂಗ್ರಹಿಸಿ ಮರುಬಳಕೆಗೆ ಒಳಪಡಿಸಿದ್ದರ ದಾಖಲೆ ಇರುವುದು ಶೇಕಡಾ 22.3ಕ್ಕೆ ಮಾತ್ರ. ಒಂದು ಚಿಪ್ಪನ್ನು ಮಾಡಲು ಬಹಳ ನೀರು, ಬಹಳ ವಿದ್ಯುತ್ತು ಬೇಕು. ಮಾಡಿ ಮುಗಿದದ್ದನ್ನು ಇನ್ನೂ ಐದು ವರ್ಷ ದುಡಿಸಿದರೆ ಭೂಮಿಗೆ ಅಷ್ಟು ಹಗುರ. ಆದರೆ ಅವನು ಆ ಮಾತನ್ನು ಆಡಿದ್ದು 2023ರಲ್ಲಿ ಕೊಂಡ ತನ್ನ ಎರಡನೆಯ ಹೊಸ ಲ್ಯಾಪ್‌ಟಾಪಿನ ಮುಂದೆ ಕೂತು. ಪುಣ್ಯದ ಕೆಲಸ ಎಲ್ಲರಿಗೂ ಗೊತ್ತು. ಅದನ್ನು ಮಾಡಲು ಮಾತ್ರ ಮನೆಯಲ್ಲಿ ಇನ್ನೊಬ್ಬರು ಇರುತ್ತಾರೆ. ಉಪವಾಸಗಳನ್ನೆಲ್ಲ ಹೆಂಗಸರಿಗೆ ಹಂಚಿದ್ದೂ ಹೀಗೆಯೇ ಇರಬೇಕು.

ಆ ರಾತ್ರಿ ಯಜಮಾನರನ್ನು ಕೇಳಿದೆ. "ರೀ, ಅವಗ ಕೊಡಿಸೂ ಮುಂದ ಎಷ್ಟು ಸಾಕು ಅಂತ ನಾವು ಕೇಳಿದ್ವೇನ್ರಿ?"

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಕಿನ ಬರಕೊಂಡು ಬಂದಾಳಲ್ಲ?" ಎಂದರು.

"ಬರಕೊಂಡು ಬಂದಾಳ. ರೊಕ್ಕಾ ಕೈಯಾಗ ಕೊಟ್ಟು ನೋಡೂಣು. ಆಮ್ಯಾಲೂ ಅದನ್ನ ಆರಿಸಿದರ ಆರಿಸಲಿ."

ಅವರು ಮತ್ತೆ ಮಾತಾಡಲಿಲ್ಲ. ಎರಡು ದಿನ ಬಿಟ್ಟು ಬ್ಯಾಂಕಿಗೆ ಹೋಗಿ 62,000 ತಂದು ಮಗಳ ಕೈಯಲ್ಲಿಟ್ಟರು. ಐದು ವರ್ಷದ ಬೆಲೆಯೇರಿಕೆ ಸೇರಿಸಬೇಕಿತ್ತು ಎಂದು ಈಗ ಅನ್ನಿಸುತ್ತದೆ. ಆಗ ನಮ್ಮ ಕೈಲಾದದ್ದು ಅಷ್ಟೇ. "ಹೊಸಾದು ತಗೋ, ಹಳೇದು ತಗೋ, ನಿನ್ನ ಇಷ್ಟ" ಎಂದರು.

ಅವಳನ್ನು ಕರೆದುಕೊಂಡು ಬೆಂಗಳೂರಿಗೆ ಹೋದೆ. ಅಲ್ಲಿನ ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಗಳಲ್ಲಿ ಒಂದು ಇಡೀ ದಿನ ಅವಳ ಹಿಂದೆ ಅಲೆದೆ. ಅವಳು ಸಾಮಾನು ನೋಡುವ ರೀತಿ ನೋಡಿ ನನಗೆ ಅವ್ವ ನೆನಪಾದಳು. ಈ ಜಾತಿಯ ಪ್ರೊಸೆಸರಿಗೆ ಕಾಲುಗಳಿಲ್ಲ; ಅದು ಕೂರುವ ಬೋರ್ಡಿನ ಗುಂಡಿಯಲ್ಲಿ 2011 ಸಣ್ಣ ಸೂಜಿಗಳಿರುತ್ತವೆ. ಒಂದು ಬಾಗಿದರೂ ತೊಂದರೆ. ಫೋನಿನ ಬೆಳಕು ಹಿಡಿದು ಅವಳು ಆ ಸೂಜಿಗಳ ಸಾಲನ್ನು ಓರೆಯಾಗಿ ನೋಡಿದಳು. ಅಂಗಡಿಯಲ್ಲೇ ಜೋಡಿಸಿಸಿ, ಪೂರ್ತಿ ಭಾರ ಹಾಕಿ ಅರ್ಧ ಗಂಟೆ ಓಡಿಸಿ ಶಾಖ ಬರೆದುಕೊಂಡಳು. ಕೊನೆಗೆ ಆ ಹಳೆಯ ಜಿಯಾನನ್ನೇ ಕೊಂಡಳು.

ಆದರೆ ಕರೆಂಟು ಸರಬರಾಜು ಮಾಡುವ ಎಸ್.ಎಂ.ಪಿ.ಎಸ್. ಎಂಬ ಪೆಟ್ಟಿಗೆಯನ್ನು ಹೊಸದೇ ತೆಗೆದುಕೊಂಡಳು. ಮಾಹಿತಿ ಇಡುವ ಡಿಸ್ಕೂ ಹೊಸದು. ಅಂಗಡಿಯಾತ ಹಳೆಯ ಎಸ್.ಎಂ.ಪಿ.ಎಸ್. ಅರ್ಧ ಬೆಲೆಗೆ ಕೊಡುತ್ತೇನೆಂದಾಗ ಒಪ್ಪಲಿಲ್ಲ. "ಅದೊಂದು ಕೆಟ್ಟರ ಎಲ್ಲಾನೂ ಸುಟ್ಕೊಂಡು ಹೋಗ್ತೈತಿ" ಎಂದಳು. ಕೌದಿಗೆ ಬಟ್ಟೆ ಎಷ್ಟೇ ಹಳೆಯದಿರಲಿ, ಅವ್ವ ದಾರ ಮಾತ್ರ ಹೊಸದನ್ನೇ ತರಿಸುತ್ತಿದ್ದಳು.

ಮಾನಿಟರು, ಯು.ಪಿ.ಎಸ್., ಚಿತ್ರ ಬರೆಯುವ ಹಲಗೆ ಎಲ್ಲ ಸೇರಿ 52,500 ಆಯಿತು. ಉಳಿದ 9,500ನ್ನು ನನಗೆ ತಿರುಗಿ ಕೊಡಬಹುದೆಂದು ಕಾದೆ. ಕೊಡಲಿಲ್ಲ. "ಹಳೇ ಸಾಮಾನಕ್ಕ ವಾರಂಟಿ ಇಲ್ಲವ್ವಾ. ಈ ರೊಕ್ಕನ ಅದರ ವಾರಂಟಿ" ಎಂದು ತನ್ನ ಖಾತೆಗೆ ಹಾಕಿಕೊಂಡಳು. ಅದು ನನಗೆ ಬಹಳ ಹಿಡಿಸಿತು. ಹಳೆಯದನ್ನು ಕೊಳ್ಳುವವರು ಉಳಿತಾಯವನ್ನೆಲ್ಲ ಲಾಭವೆಂದು ತಿಳಿದು ಖರ್ಚು ಮಾಡಿಬಿಡುತ್ತೇವೆ. ಅದರಲ್ಲಿ ಒಂದು ಪಾಲು ಮುಂದಿನ ರಿಪೇರಿಯದು. ಆ ವರ್ಷದ ದೀಪಾವಳಿಯ ಹೊತ್ತಿಗೆ ಯಂತ್ರ ಒಂದು ಬೆಳಿಗ್ಗೆ ಏಳಲೇ ಇಲ್ಲ. ಮೆಮೊರಿಯ ನಾಲ್ಕು ಪಟ್ಟಿಗಳನ್ನೂ ಒಂದೊಂದಾಗಿ ಕಿತ್ತು ನೋಡಿ, ಕೆಟ್ಟದ್ದು ಯಾವುದೆಂದು ಕಂಡುಹಿಡಿದಳು. ಅದರ ಬದಲಿಗೆ 900 ರೂಪಾಯಿ ಹೋಯಿತು. ಹೊಸದಾಗಿದ್ದರೆ ವಾರಂಟಿಯಲ್ಲಿ ಬರುತ್ತಿತ್ತು. ಆ ಮೂರು ದಿನ ಅವಳ ಕೆಲಸ ನಿಂತಿತು.

ವಿದ್ಯುತ್ತಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಬಿಲ್ಲು ಕಟ್ಟುವವಳು ನಾನು. ಹಳೆಯ ಯಂತ್ರ ಹೊಸದಕ್ಕಿಂತ 40 ವಾಟ್ ಹೆಚ್ಚು ಎಳೆಯುತ್ತದೆ ಎಂದು ಹಿಡಿದರೆ, ದಿನಕ್ಕೆ ಎಂಟು ಗಂಟೆಯಂತೆ ತಿಂಗಳಿಗೆ ಹತ್ತು ಯೂನಿಟ್ಟಿನ ಒಳಗೆ. ಯೂನಿಟ್ಟಿಗೆ ಆರು ರೂಪಾಯಿಯಂತೆ ಅರವತ್ತು ರೂಪಾಯಿಯೂ ಆಗದು. ಸಾವಿರಾರು ಯಂತ್ರಗಳ ಕಂಪನಿಗೆ ಭಾರವಾದದ್ದು ಒಂದು ಯಂತ್ರದ ಮನೆಗೆ ಭಾರವಲ್ಲ. ಆದರೆ 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆಯಲ್ಲಿ ನಮ್ಮದೂ ಒಂದು ಮೀಟರಿದೆ. ತಿಂಗಳಿಗೆ 200 ಯೂನಿಟ್ ದಾಟಿದರೆ ಬಿಲ್ಲು ಪೂರ್ತಿ ಕಟ್ಟಬೇಕು. 2025ರ ಮೇ ತಿಂಗಳಲ್ಲಿ ಕೂಲರು, ಫ್ಯಾನುಗಳ ಜೊತೆಗೆ ಇವಳ ರೆಂಡರು ರಾತ್ರಿಯಿಡೀ ಓಡಿ 206 ಯೂನಿಟ್ ಆಯಿತು. ಆರು ಯೂನಿಟ್ಟಿಗಾಗಿ ಒಂದೂವರೆ ಸಾವಿರದ ಹತ್ತಿರ ಕಟ್ಟಿದೆ. ಅಂದಿನಿಂದ ಬೇಸಿಗೆಯಲ್ಲಿ ಮೀಟರು ನೋಡಿಕೊಂಡು ಬೊಂಬೆ ಕುಣಿಸುತ್ತಾಳೆ.

ಇಷ್ಟಾದರೂ ನನ್ನ ಮನಸ್ಸಿನ ಒಂದು ಮೂಲೆಯಲ್ಲಿ ಅನುಮಾನ ಉಳಿದಿತ್ತು. ಹಣ ಕೈಯಲ್ಲಿಟ್ಟೆವು, ಅವಳೇ ಆರಿಸಿದಳು, ಸರಿ. ಆದರೆ ಹುಟ್ಟಿದಾಗಿನಿಂದ ಕಡಿಮೆಯಲ್ಲಿ ತೃಪ್ತಿಪಡುವುದನ್ನೇ ಜಾಣತನ ಎಂದು ಕೇಳಿ ಬೆಳೆದವಳ ಆಯ್ಕೆ ಎಷ್ಟರ ಮಟ್ಟಿಗೆ ಅವಳದು? ನಾನೇ ಅಂಗಡಿಯಲ್ಲಿ ಮೊದಲು ನೋಡುವುದು ಸೀರೆಯ ಬೆಲೆ ಚೀಟಿ, ಆಮೇಲೆ ಬಣ್ಣ. ಅದನ್ನು ಅವಳು ನೋಡಿಲ್ಲವೆ? ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ. "ಖರೇ ಹೇಳು, ಹೊಸಾದು ಬೇಕು ಅಂತ ನಿನಗ ಅನಿಸಲಿಲ್ಲೇನ?"

"ಅನಿಸ್ತು. ಅದಕ್ಕ ಮಾನಿಟರ್ ಹೊಸಾದು ತಗೊಂಡೆನಲ್ಲವ್ವಾ. ದಿನಾ ಮಾರಿ ನೋಡೂದು ಅದರದ" ಎಂದು ನಕ್ಕಳು. ಅಷ್ಟಕ್ಕೇ ಬಿಟ್ಟೆ. ಅವಳ ಮನಸ್ಸನ್ನು ಪೂರ್ತಿ ಬಿಚ್ಚಿ ನೋಡುವ ಹಕ್ಕು ನನಗೂ ಇಲ್ಲ.

2025ರ ಪಂಚಮಿಗೆ ಮುಂಚೆ ಕಪಾಟು ತೆಗೆದು, ಮನೆಗೆಲಸಕ್ಕೆ ಬರುವವಳಿಗೆ ಕೊಡಲೆಂದು ಒಂದು ಸೀರೆ ಹುಡುಕುತ್ತಿದ್ದೆ. ಪ್ರತಿವರ್ಷ ಕೊಡುತ್ತೇನೆ. ಸೆರಗಿನಲ್ಲಿ ಸಣ್ಣ ಕಲೆಯಿದ್ದ ಒಂದು ಸೀರೆ ಸಿಕ್ಕಿತು. ಚೆನ್ನಾಗಿಯೇ ಇದೆ, ಆಕೆಗೆ ಅಷ್ಟು ಸಾಕು ಎಂದುಕೊಂಡೆ. ಅಂದುಕೊಂಡ ಕೂಡಲೆ ಕೈ ನಿಂತಿತು. ಇಷ್ಟು ವರ್ಷ ಒಂದು ಸಲವಾದರೂ ನಾನು ಅವಳನ್ನು ಕೇಳಿರಲಿಲ್ಲ.

ಅವಳು ಬಂದ ಮೇಲೆ ಕೇಳಿದೆ. "ಈ ಸೀರಿ ಬೇಕೋ, ಹೊಸಾ ಸೀರಿ ರೊಕ್ಕಾ ಕೊಡ್ಲೋ?"

ನನ್ನ ಮುಖವನ್ನು ಅನುಮಾನದಿಂದ ನೋಡಿದಳು. "ರೊಕ್ಕಾನ ಕೊಡ್ರಿ ಅಕ್ಕಾರ" ಎಂದಳು. ಪಾತ್ರೆ ತೊಳೆದು ಮುಗಿಸಿ, ಸೆರಗಿಗೆ ಕೈ ಒರೆಸಿಕೊಂಡು ಹೊರಡುವಾಗ ಬಾಗಿಲಲ್ಲಿ ನಿಂತು ಹಿಂತಿರುಗಿ ಹೇಳಿದಳು:

"ಆ ಸೀರಿ ನೀವು ಉಡಂಗಿಲ್ಲ ಅಂದ್ರ ಅದನ್ನೂ ಕೊಡ್ರಿ. ಕೌದಿಗೆ ಬರ್ತೈತಿ."